ತಂಗಿಯ ಮನೆಯಲ್ಲಿ ಎರಡು ಗಂಟೆ

ನಾನು ಹುಣಸೂರಿಗೆ ಬಂದು ಒಬ್ಬಳೇ ಮನೆ ಮಾಡಿದಾಗ ನನಗೆ ಮೂವತ್ತೊಂಬತ್ತು ತುಂಬಿತ್ತು. ಅದಕ್ಕೆ ಮುಂಚೆ ಹದಿಮೂರು ವರ್ಷ ಪಿರಿಯಾಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಹೊಗೆಸೊಪ್ಪು ವಿಂಗಡಿಸುವ ಕೆಲಸ ಮಾಡಿದ್ದೆ. ಬ್ಯಾರನ್ ಅನ್ನುವ ಬೆಂಕಿಮನೆಯಲ್ಲಿ ಬೇಯಿಸಿ ಇಳಿಸಿದ ಸೊಪ್ಪನ್ನು ಜಗಲಿಯ ತುಂಬ ಸುರಿದು, ಹತ್ತು ಹನ್ನೆರಡು ಹೆಂಗಸರು ಸುತ್ತ ಕೂತು, ಬಣ್ಣ ನೋಡಿ ಬೇರೆ ಬೇರೆ ಗುಡ್ಡೆ ಮಾಡಬೇಕು. ಕೈ ಅದರ ಪಾಡಿಗೆ ಅದು ಕೆಲಸ ಮಾಡುತ್ತದೆ, ಬಾಯಿ ಅದರ ಪಾಡಿಗೆ ಅದು. ಯಾರ ಸೊಸೆ ಬಸುರಿ, ಯಾರ ಗಂಡ ಕುಡಿದು ಎಲ್ಲಿ ಬಿದ್ದ, ಯಾರ ಮನೆ ಹಸು ಕರು ಹಾಕಿತು ಎಲ್ಲವೂ ಆ ಗುಡ್ಡೆಯ ಸುತ್ತಲೇ ತಿಳಿಯುತ್ತಿತ್ತು. ಕೊನೆಕೊನೆಗೆ ನನಗೆ ಕೆಮ್ಮು ಹಿಡಿದು ಬಿಡಲೇ ಇಲ್ಲ. ಪಿರಿಯಾಪಟ್ಟಣದ ಡಾಕ್ಟರು, "ಆ ದೂಳು ಬಿಟ್ಟುಬಿಡಮ್ಮ, ಇಲ್ಲಾಂದ್ರೆ ಅದು ನಿನ್ನ ಬಿಡಲ್ಲ" ಅಂದರು.

ಹಾಗೆ ಹುಣಸೂರಿಗೆ ಬಂದು ಒಂದು ಗಾರ್ಮೆಂಟ್ಸಿಗೆ ಸೇರಿದೆ. ಮೂರು ವರ್ಷಕ್ಕೆ ಅದೂ ಬಾಗಿಲು ಹಾಕಿತು. ಏನು ಮಾಡುವುದೋ ತೋಚದೆ ಕೂತಿದ್ದಾಗ ನಾನು ಬಾಡಿಗೆಗಿದ್ದ ಮನೆಯ ಓನರಮ್ಮ ಬಂದು ಹೇಳಿದರು:

"ಮೈಸೂರಲ್ಲಿತ್ತಂತೆ, ಈಗ ಹುಣಸೂರ್ಗೂ ಬಂದದೆ ಕಣಮ್ಮ. ಫೋನಲ್ಲಿ ಒತ್ತುದ್ರೆ ಪಾತ್ರೆ ತೊಳಿಯೋರು, ಕಸ ಗುಡ್ಸೋರು, ಸಾಮಾನು ತಂದ್ಕೊಡೋರು ಮನೆ ಬಾಗ್ಲಿಗೇ ಬತ್ತರಂತೆ. ನಿಂಗೆ ಸ್ಕೂಟಿ ಬತ್ತದಲ್ಲ, ಸೇರ್ಕೋಬಾರ್ದಾ?"

ಸೇರಿಕೊಂಡೆ. ಮೈಸೂರಿನಲ್ಲಿ ಎರಡು ದಿನ ತರಬೇತಿ ಕೊಟ್ಟರು. ಬೆಲ್ ಒತ್ತಿ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು. "ನಮಸ್ಕಾರ ಮೇಡಂ" ಅನ್ನಬೇಕು. ಅವರ ಫೋನಿಗೆ ಬಂದಿರುವ ನಾಲ್ಕು ಅಂಕಿಯ ನಂಬರು ಕೇಳಿ ನಮ್ಮ ಫೋನಿನಲ್ಲಿ ಒತ್ತಿದರೆ ಟೈಮು ಓಡಲು ಶುರುವಾಗುತ್ತದೆ. ಟೋಪಿ, ಮಾಸ್ಕು, ಹಸಿರು ಟೀ ಶರ್ಟು ಕಡ್ಡಾಯ. ಅವರ ಮನೆಯ ವಿಷಯ ಕೇಳಬಾರದು, ನಮ್ಮ ಮನೆಯ ವಿಷಯ ಹೇಳಬಾರದು. ಫೋನ್ ನಂಬರು ಕೊಡುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ. ಕೆಲಸ ಮುಗಿದ ಮೇಲೆ ಸಿಂಕಿನ ಫೋಟೋ ತೆಗೆದು ಹಾಕಬೇಕು. ಪಾಠ ಹೇಳಿಕೊಟ್ಟ ಹುಡುಗಿ ಒಳ್ಳೆಯವಳೇ. "ನೀವು ಬಂದದ್ದೂ ಗೊತ್ತಾಗಬಾರದು, ಹೋದದ್ದೂ ಗೊತ್ತಾಗಬಾರದು, ಕೆಲಸ ಮಾತ್ರ ಗೊತ್ತಾಗಬೇಕು" ಅಂದಳು. ನಾವೆಲ್ಲ ತಲೆಯಾಡಿಸಿದೆವು.

ಕೆಲಸ ಕಷ್ಟದ್ದಲ್ಲ. ಒಂದು ಮನೆಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಬಚ್ಚಲು, ಮತ್ತೊಂದರಲ್ಲಿ ಫ್ಯಾನಿನ ದೂಳು. ಅವರೆಕಾಯಿ ಕಾಲದಲ್ಲಿ ಒಂದು ಮೇಷ್ಟ್ರ ಮನೆಯಲ್ಲಿ ಎರಡು ಗಂಟೆ ಕೂತು ಬರೀ ಅವರೆಕಾಳು ಹಿಸುಕಿದ್ದೇನೆ. ತಾಲ್ಲೂಕು ಕಚೇರಿಯಲ್ಲಿ ಯಾರದೋ ಪಹಣಿಗೆ ಸಾಲಿನಲ್ಲಿ ನಿಂತಿದ್ದೇನೆ. ಆಸ್ಪತ್ರೆಯಲ್ಲಿದ್ದವರಿಗೆ ಗಂಜಿ ಮುಟ್ಟಿಸಿದ್ದೇನೆ. ಆದರೆ ಇವತ್ತು ಹೋದ ಮನೆಗೆ ನಾಳೆ ಹೋಗುತ್ತೇನೆಂಬ ಖಾತ್ರಿ ಇರಲಿಲ್ಲ. ಆ್ಯಪಿನವರು ಯಾರನ್ನು ಕಳಿಸುತ್ತಾರೋ ಅವರೇ. ಒಂದು ಮನೆಯ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ತಿಳಿಯುವ ಹೊತ್ತಿಗೆ ಆ ಮನೆ ಮುಗಿದಿರುತ್ತಿತ್ತು. ಹುಣಸೂರಿನಲ್ಲಿ ನಮ್ಮಂಥವರು ಸುಮಾರು ಜನ ಇದ್ದರೂ ಒಬ್ಬರಿಗೊಬ್ಬರು ಗೊತ್ತಿರಲಿಲ್ಲ. ಎಲ್ಲರನ್ನೂ ಸೇರಿಸಿ ಒಂದು ವಾಟ್ಸಾಪ್ ಗ್ರೂಪು ಮಾಡಿದ್ದರು, ಅದರಲ್ಲಿ ಸೂಪರ್‌ವೈಸರ್ ಒಬ್ಬರೇ ಮಾತಾಡಬಹುದಿತ್ತು.

ಒಂದು ಸಲ ಯಾರೋ ಹೆಗ್ಗಡದೇವನಕೋಟೆಯ ಒಂದು ಆಫೀಸಿನಲ್ಲಿ ಬಿಟ್ಟುಬಂದ ಕಾಗದಪತ್ರದ ಕವರು ತರಬೇಕಿತ್ತು. ಬೆಳಿಗ್ಗೆ ಬಸ್ಸು ಹತ್ತಿ ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ "ಕೋಟೆ" ಅಂದೆ. ಅಲ್ಲಿ ಇಳಿದು ಕಿಟಕಿಯಲ್ಲಿ "ಕವರು ಕೊಡಿ" ಅಂದೆ. ವಾಪಸು ಬಸ್ಸಿನಲ್ಲಿ "ಹುಣಸೂರು" ಅಂದೆ. ಸಾಯಂಕಾಲ ಕವರು ಕೊಟ್ಟು ಮನೆಗೆ ಬಂದು ಅನ್ನಕ್ಕಿಟ್ಟಾಗ ಹೊಳೆಯಿತು, ಅವತ್ತು ಇಡೀ ದಿನ ನಾನು ಆಡಿದ್ದು ಅಷ್ಟೇ ಮಾತು. ಸೊಪ್ಪಿನ ಗುಡ್ಡೆಯ ಮುಂದೆ ಕೂತಿದ್ದಾಗ, ಒಂದು ಗಂಟೆ ಯಾರೂ ಮಾತಾಡದಿದ್ದರೆ ಸಾಕಪ್ಪ ಅನ್ನಿಸುತ್ತಿತ್ತು. ಈಗ ಆ ಗದ್ದಲ ಎಲ್ಲಾದರೂ ಸಿಕ್ಕಿದರೆ ಹೋಗಿ ಮಧ್ಯೆ ಕೂರೋಣ ಅನ್ನಿಸುತ್ತಿತ್ತು.

ನಾನು ಒಂಟಿಯಾದದ್ದು ಹೇಗೆಂದು ಇಲ್ಲಿ ಹೇಳಬೇಕು. ಹತ್ತೊಂಬತ್ತಕ್ಕೆ ನನ್ನನ್ನು ಕೋಟೆ ಕಡೆಯ ಒಂದು ಹಳ್ಳಿಗೆ ಕೊಟ್ಟರು. ಗಂಡನಿಗೆ ಆಗಲೇ ಇನ್ನೊಂದು ಸಂಸಾರವಿತ್ತು. ಅದು ಊರಿಗೆಲ್ಲ ಗೊತ್ತಿತ್ತು, ನಮಗೆ ಮಾತ್ರ ಗೊತ್ತಿರಲಿಲ್ಲ. ಆರು ವರ್ಷ ಹೇಗೋ ಏಗಿದೆ. ಮಕ್ಕಳಾಗಲಿಲ್ಲ. ಒಂದು ದಿನ ಬಟ್ಟೆ ಗಂಟು ಕಟ್ಟಿಕೊಂಡು ತವರಿಗೆ ಬಂದೆ. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಅವ್ವ ಏನೂ ಕೇಳಲಿಲ್ಲ, ಮುದ್ದೆ ತಟ್ಟೆ ಮುಂದಿಟ್ಟಳು.

ಮನೆಯಲ್ಲಿ ಇನ್ನಿದ್ದವಳು ನನ್ನ ತಂಗಿ. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳನ್ನು ಕಂಕುಳಲ್ಲಿ ಎತ್ತಿಕೊಂಡೇ ನಾನು ಬೆಳೆದದ್ದು. ಸ್ಕೂಲಿಗೆ ಹೋಗುವಾಗ ಅವಳ ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದವಳು ನಾನು. ಅವ್ವನ ಕೈಗೆ ತಲೆ ಕೊಡುತ್ತಿರಲಿಲ್ಲ. "ಅವ್ವ ಎಳಿತಾಳೆ, ಅಕ್ಕನೇ ಬಾಚ್ಲಿ" ಅಂತ ಅಳುತ್ತಿದ್ದಳು.

ಅವಳಿಗೆ ಇಪ್ಪತ್ತೊಂದಾದಾಗ ಕೆ.ಆರ್. ನಗರದ ಭೇರ್ಯದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ನೀರಾವರಿ ಕೆಲಸದಲ್ಲಿದ್ದ, ಮನೆಯವರು ಒಳ್ಳೆಯವರು ಅಂತ ಕೇಳಿದ್ದೆವು. ಅವರು ಹೆಣ್ಣು ನೋಡಲು ಬರುವ ದಿನ ಬೆಳಿಗ್ಗೆ ನಾನೇ ಮನೆ ಸಾರಿಸಿದೆ, ಉಪ್ಪಿಟ್ಟಿಗೆ ರವೆ ಹುರಿದಿಟ್ಟೆ. ಅವಳಿಗೆ ಸೀರೆ ಉಡಿಸುತ್ತಿದ್ದಾಗ ಅವಳು ನನ್ನ ಮುಖ ನೋಡದೆ ಹೇಳಿದಳು:

"ಅಕ್ಕ, ಅವ್ರು ಬಂದೋಗೋಗಂಟ ನೀನು ಒಸಿ ಇತ್ಲಲ್ಲೇ ಇರು. ಎದುರ್ಗೆ ಬರಬ್ಯಾಡ. ಗಂಡನ್ ಬುಟ್ಟು ಬಂದೋಳು ಅಂತ ಏನಾರ ಅಂದ್ಕಂಡ್ರೆ..."

"ಆಯ್ತು" ಅಂದೆ. ಸೆರಗಿಗೆ ಪಿನ್ನು ಹಾಕಿ ಹಿತ್ತಲಿಗೆ ಹೋಗಿ, ದನಕ್ಕೆ ನೀರು ಕುಡಿಸುವ ತೊಟ್ಟಿಯ ಕಟ್ಟೆಯ ಮೇಲೆ ಕೂತೆ. ಒಳಗೆ ನಗು, ಲೋಟದ ಸದ್ದು, ಯಾರೋ ಗಂಡಸು "ಹುಡುಗಿಗೆ ಅಕ್ಕಂದಿರು, ತಮ್ಮಂದಿರು?" ಅಂತ ಕೇಳಿದ್ದು, ಎಲ್ಲ ಕೇಳಿಸಿತು. ಅವ್ವ ಏನು ಉತ್ತರ ಕೊಟ್ಟಳೋ ಅದು ಮಾತ್ರ ಕೇಳಿಸಲಿಲ್ಲ. ಅವರು ಹೋದ ಮೇಲೂ ನನ್ನನ್ನು ಯಾರೂ ಕರೆಯಲಿಲ್ಲ. ಮರೆತಿದ್ದರು, ಬೇಕೆಂದು ಮಾಡಿದ್ದಲ್ಲ. ನಾನೇ ಎದ್ದು ಒಳಗೆ ಹೋದೆ.

ಸಂಬಂಧ ಕುದುರಿತು. ಮದುವೆಗೆ ನಾನು ಹೋಗಲಿಲ್ಲ. ದೂರದ ಹಳ್ಳಿಯಲ್ಲಿ ಸೊಪ್ಪಿನ ಕೆಲಸ ಹಿಡಿದು ಅಲ್ಲೇ ಉಳಿದುಬಿಟ್ಟೆ. ಅವಳು ಹೇಳಿಕಳಿಸಲೂ ಇಲ್ಲ, ನಾನು ಕೇಳಿಕಳಿಸಲೂ ಇಲ್ಲ. ಅವ್ವ ಸತ್ತಾಗ ಇಬ್ಬರೂ ಬಂದೆವು. ಹೆಣದ ಆ ಕಡೆ ಅವಳು ಅತ್ತಳು, ಈ ಕಡೆ ನಾನು ಅತ್ತೆ. ಗಂಡಸರ ಜೊತೆ ಹೊರಗಿದ್ದ ಅವಳ ಗಂಡನಿಗೆ ನಾನು ಯಾರೆಂದು ಯಾರೂ ಹೇಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅವಳು ಗಂಡನ ಬೈಕು ಹತ್ತಿದಳು, ನಾನು ಬಸ್ಸು ಹತ್ತಿದೆ. ಹೀಗೆ ಹದಿನಾಲ್ಕು ವರ್ಷ ಆಯಿತು.

ಆ್ಯಪು ಕೆ.ಆರ್. ನಗರದಲ್ಲೂ ಶುರುವಾದಾಗ ಅಲ್ಲಿ ಕೆಲಸದವರು ಸಾಲದಾದರು. ಸೂಪರ್‌ವೈಸರ್ ಫೋನ್ ಮಾಡಿ, "ಒಂದು ತಿಂಗಳು ಅಲ್ಲಿಗೆ ಹೋಗಿಬರ್ತೀರಾ?" ಅಂದರು. ತಂಗಿ ಭೇರ್ಯದ ಹತ್ತಿರ ಹಳ್ಳಿಯಲ್ಲಿದ್ದಾಳೆ ಅಂದುಕೊಂಡಿದ್ದೆ. ಟೌನಿನಲ್ಲಿ ಎದುರಾಗುವ ಭಯ ಇರಲಿಲ್ಲ. ಒಪ್ಪಿಕೊಂಡೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು, ಅಲ್ಲಿ ನಡೆದೋ ಆಟೋದಲ್ಲೋ ಮನೆಮನೆ ಸುತ್ತುವುದು, ಸಾಯಂಕಾಲ ವಾಪಸು. ದಾರಿಯುದ್ದಕ್ಕೂ ನಾಲೆ, ಭತ್ತದ ಗದ್ದೆ. ಕಿಟಕಿ ಪಕ್ಕ ಕೂತರೆ ಕಣ್ಣಿಗೆ ತಂಪು.

ಎರಡನೇ ವಾರದ ಒಂದು ಗುರುವಾರ, ಹನ್ನೊಂದು ಗಂಟೆಗೆ ಒಂದು ಬುಕಿಂಗ್ ಬಂತು. ಅಡುಗೆಮನೆ ಕ್ಲೀನಿಂಗು, ಎರಡು ಗಂಟೆ. ಬುಕ್ ಮಾಡಿದ ಗಂಡಸಿನ ಹೆಸರು ಸಾಮಾನ್ಯವಾದದ್ದು, ಆ ಹೆಸರಿನವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ. ನೀಲಿ ಗೇಟು, ಮೊದಲನೇ ಮಹಡಿ. ಮೆಟ್ಟಿಲು ಹತ್ತಿ ಬೆಲ್ ಒತ್ತಿ ಎರಡು ಹೆಜ್ಜೆ ಹಿಂದೆ ನಿಂತೆ.

ಬಾಗಿಲು ತೆಗೆದದ್ದು ನನ್ನ ತಂಗಿ.

ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರು ಹಾಕಿ ಕೊರಳಿಗೆ ಪಟ್ಟಿ ಕಟ್ಟಿತ್ತು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಮೈ ತುಂಬಿಕೊಂಡಿದ್ದಳು, ಆದರೆ ನಿಲ್ಲುವ ರೀತಿ ಅದೇ, ಒಂದು ಕಾಲಿನ ಮೇಲೆ ಭಾರ ಹಾಕಿ. ನನ್ನ ತಲೆಗೆ ಟೋಪಿ, ಮುಖಕ್ಕೆ ಮಾಸ್ಕು ಇತ್ತು. ಅವಳು ನನ್ನನ್ನು ನೋಡಿ, "ಆ್ಯಪಿನೋರಾ? ಬನ್ನಿ" ಅಂದಳು.

ನಾನು ಆಗಲೇ ತಿರುಗಿ ಮೆಟ್ಟಿಲಿಳಿಯಬಹುದಿತ್ತು. ಮಾಸ್ಕು ಇಳಿಸಿ "ನಾನು ಕಣೆ" ಅನ್ನಬಹುದಿತ್ತು. ಎರಡೂ ಮಾಡಲಿಲ್ಲ. ತರಬೇತಿಯಲ್ಲಿ ಕಲಿಸಿದ ದನಿಯಲ್ಲಿ, "ನಮಸ್ಕಾರ ಮೇಡಂ, ನಂಬರ್ ಹೇಳಿ" ಅಂದೆ.

ಅವಳು ಮಾಸ್ಕಿನ ಮೇಲಿನ ನನ್ನ ಕಣ್ಣನ್ನೇ ನೋಡಿದಳು. ಆಮೇಲೆ ಫೋನು ನೋಡಿ ನಾಲ್ಕು ಅಂಕಿ ಹೇಳಿದಳು. ಟೈಮು ಓಡತೊಡಗಿತು.

ಅಡುಗೆಮನೆಯಲ್ಲಿ ಎರಡು ದಿನದ ಪಾತ್ರೆ ಬಿದ್ದಿತ್ತು. ಅವಳು ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತಳು. ಬಟ್ಟೆ ಒಗೆಯುವ ಕಡೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡದ್ದು, ಮಗಳು ಶಾಲೆಗೆ ಹೋಗಿರುವುದು, ಗಂಡನೇ ಆಫೀಸಿನಿಂದ ಬುಕ್ ಮಾಡಿದ್ದು, ಎಲ್ಲವನ್ನೂ ಗಾಳಿಗೆ ಹೇಳುವವಳ ಹಾಗೆ ಹೇಳಿದಳು. ನಾನು "ಹೂಂ ಮೇಡಂ" ಅನ್ನುತ್ತಾ ತಿಕ್ಕುತ್ತಿದ್ದೆ. "ಎಲ್ಲಿಂದ ಬತ್ತೀರಾ?" ಅಂದದ್ದಕ್ಕೆ ಮಾತ್ರ "ಹುಣಸೂರು" ಅಂದೆ. ಅವಳಿಗೆ ಮಗಳಿದ್ದಾಳೆ ಅನ್ನುವುದು ನನಗೆ ಗೊತ್ತಾದದ್ದು ಹಾಗೆ, ಕುಕ್ಕರಿನ ತಳ ಉಜ್ಜುತ್ತಾ.

"ಒಲೆ ಪಕ್ಕದ ಟೈಲ್ಸು ಜಿಡ್ಡಿಡ್ದದೆ, ಅದೊಂದು ಒಸಿ ಉಜ್ಬುಡಿ" ಅಂದಳು. ಉಜ್ಜಿದೆ. ಡಬ್ಬಿಗಳನ್ನು ಇಳಿಸಿ ಕಪಾಟು ಒರೆಸಿದೆ. ಹುರುಳಿಕಾಳು ಯಾವ ಡಬ್ಬಿಯಲ್ಲಿ, ರಾಗಿಹಿಟ್ಟು ಎಲ್ಲಿ, ಅವಳು ಯಾವ ಸೋಪು ತರುತ್ತಾಳೆ, ಮಗಳಿಗೆ ಯಾವ ಬಿಸ್ಕತ್ತು ಇಷ್ಟ, ಹದಿನಾಲ್ಕು ವರ್ಷದಲ್ಲಿ ತಿಳಿಯದ್ದೆಲ್ಲ ಒಂದು ಗಂಟೆಯಲ್ಲಿ ಕೈಗೆ ಬಂತು. ಖುಷಿಯಾಗಲಿಲ್ಲ. ಯಾರೂ ಇಲ್ಲದಾಗ ಒಬ್ಬರ ಮನೆ ಹೊಕ್ಕು ಪೆಟ್ಟಿಗೆ ತೆಗೆದು ನೋಡಿದ ಹಾಗಿತ್ತು.

ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತಾಗಿರಬೇಕು. ಅವಳು ಎದ್ದು ಒಳಗೆ ಹೋಗಿ ಬಾಚಣಿಗೆ ತಂದಳು.

"ಇದು ನಿಮ್ ಕೆಲ್ಸದಲ್ಲಿ ಬರಾಕಿಲ್ಲ ಅಂತ ಗೊತ್ತದೆ. ಎಡಗೈಲಿ ಆಯ್ತಾ ಇಲ್ಲ. ಮೂರ್ದಿನ ಆಯ್ತು ತಲೆ ಬಾಚಿ. ಒಸಿ ಬಾಚ್ಕೊಡ್ತೀರಾ?"

ಕೈ ತೊಳೆದು ಒರೆಸಿಕೊಂಡೆ. ಅವಳು ನನಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತಳು. ಕೂದಲು ಮೊದಲಿನ ಅರ್ಧವೂ ಇರಲಿಲ್ಲ. ತುದಿಯಿಂದ ಸಿಕ್ಕು ಬಿಡಿಸುತ್ತಾ ಮೇಲೆ ಬಂದೆ. ನೆತ್ತಿಯ ಹತ್ತಿರ ಬಂದಾಗ ಅವಳು ತಲೆ ಅಲುಗಿಸದೆ, ಎದುರಿನ ಗೋಡೆ ನೋಡುತ್ತಾ ಹೇಳಿದಳು:

"ಅಕ್ಕ, ಮಾಸ್ಕ್ ತಗ್ದುಬುಡು. ಸೆಕೆ ಆಯ್ತದೆ."

ನನ್ನ ಕೈ ನಿಂತಿತು. "ಯಾವಾಗ ಗೊತ್ತಾಯ್ತು?" ಅಂದೆ.

"ಬಾಗ್ಲಲ್ಲೇ. ನೀನು ಮೇಡಂ ಅಂದೆ. ಇನ್ನೇನಂತ ಮಾತಾಡ್ಸನ ಅಂತ ಸುಮ್ಕಾದೆ."

ಮಾಸ್ಕು ತೆಗೆದೆ. ಅವಳು ತಿರುಗಲಿಲ್ಲ. ನಾನು ಮತ್ತೆ ಬಾಚತೊಡಗಿದೆ. ಇಬ್ಬರೂ ಮುಖ ನೋಡದೆ ಇದ್ದದ್ದೇ ವಾಸಿಯಾಯಿತು, ಇಲ್ಲದಿದ್ದರೆ ಮಾತು ಹೊರಡುತ್ತಿರಲಿಲ್ಲವೋ ಏನೋ.

"ಅವತ್ತು ನಾನು ಅಂಗಂದಿದ್ದು ನಂಗೆ ಮರ್ತಿಲ್ಲ" ಅಂದಳು.

"ಬುಡು."

"ಬುಡು ಅನ್ಬ್ಯಾಡ. ನಿಂಗೂ ಗೊತ್ತು, ನಂಗೂ ಗೊತ್ತು, ಇಬ್ರೂ ಬುಡು ಬುಡು ಅಂತ್ಲೇ ಇಷ್ಟೊರ್ಸ ಕಳ್ದೋ. ಬೈಬಾರ್ದಿತ್ತಾ ನೀನು? ಒಂದೇಟು ಒಡಿಬಾರ್ದಿತ್ತಾ?"

"ಮದ್ವೆ ಸೀರೆ ಉಟ್ಟೋಳ್ನ ಹೆಂಗೆ ಒಡಿಯಾದು" ಅಂದೆ. ಅದು ಮದುವೆಯ ಸೀರೆ ಆಗಿರಲಿಲ್ಲ, ಹೆಣ್ಣು ತೋರಿಸುವ ದಿನದ ಸೀರೆ. ಅವಳು ತಿದ್ದಲಿಲ್ಲ. ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ಹಿಂದಿನಿಂದ ತಿಳಿಯಲಿಲ್ಲ.

ಒಂದೇ ಜಡೆ ಹಾಕಿ ತುದಿಗೆ ರಬ್ಬರ್ ಬ್ಯಾಂಡು ಸುತ್ತುತ್ತಿದ್ದೆ. ಆಗ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಕೆಳಗಿನ ಮನೆಯ ಹೆಂಗಸು, ಕೈಯಲ್ಲಿ ಕರಿಬೇವಿನ ಸೊಪ್ಪು ಹಿಡಿದು ತೆರೆದ ಬಾಗಿಲಿನಿಂದ ಸೀದಾ ಒಳಗೇ ಬಂದರು. ನನ್ನ ಹಸಿರು ಟೀ ಶರ್ಟು ನೋಡಿದರು.

"ಓ, ಫೋನಲ್ಲಿ ಕರುಸ್ಕೊಂಡ್ರಾ? ತಲೆನೂ ಬಾಚ್ತಾರಾ ಇವ್ರು! ಹೆಂಗ್ ಮಾಡ್ತಾರ್ರೀ ಕೆಲಸ? ನಾನೂ ಕರುಸ್ಬೇಕು ಅನ್ಕೊಂಡಿದ್ದೆ."

ನನ್ನ ಕೈಯಲ್ಲಿ ಅವಳ ಜಡೆ ಇತ್ತು. ನಾನು ತಂಗಿಯ ನೆತ್ತಿಯನ್ನೇ ನೋಡುತ್ತಾ ಕಾದೆ. "ನಮ್ಮಕ್ಕ" ಅನ್ನುವ ಒಂದೇ ಮಾತು ಸಾಕಿತ್ತು.

"ಚೆನ್ನಾಗ್ ಮಾಡ್ತಾರೆ" ಅಂದಳು ತಂಗಿ. "ನೀಟಾಗಿ ಮಾಡ್ತಾರೆ."

ಆ ಹೆಂಗಸು ಕರಿಬೇವು ಇಟ್ಟು, ಒಂದೆರಡು ಮಾತಾಡಿ ಹೋದರು. ನಾನು ಜಡೆ ಬಿಟ್ಟು ಮಾಸ್ಕು ಹಾಕಿಕೊಂಡೆ. ಸಿಂಕಿನ ಹತ್ತಿರ ಹೋಗಿ ಫೋಟೋ ತೆಗೆದೆ. ಇನ್ನೂ ಹದಿನೈದು ನಿಮಿಷ ಉಳಿದಿತ್ತು. ನೆಲ ಒರೆಸಿದೆ. ಅವಳು ಗೋಡೆಗೆ ಒರಗಿ ನಿಂತು, "ಬಾಯ್ಗೆ ಬರ್ನಿಲ್ಲ ಕಣಕ್ಕ. ಎಲ್ಲಿಂದ ಸುರು ಮಾಡನ ಅಂತ ಗೊತ್ತಾಗ್ನಿಲ್ಲ. ಇಷ್ಟೊರ್ಸ ಅಕ್ಕ ಅವ್ಳೆ ಅಂತ್ಲೇ ಏಳಿಲ್ಲ ನಾನು ಯಾರ್ಗೂ" ಅಂದಳು.

ಅವಳು ಸುಳ್ಳು ಹೇಳುತ್ತಿರಲಿಲ್ಲ. ಆದರೂ ನೆಲದ ಬಟ್ಟೆ ಹಿಂಡಿಟ್ಟು, "ಟೈಮಾಯ್ತು ಮೇಡಂ" ಅಂದುಬಿಟ್ಟೆ. ಬೇಕೆಂದೇ ಅಂದೆ. ಅವಳ ಮುಖ ಸಣ್ಣಗಾಯಿತು. ಮುಗಿಯಿತು ಅನ್ನುವ ಗುಂಡಿ ಒತ್ತಿ ಮೆಟ್ಟಿಲಿಳಿದೆ.

ಬಸ್‌ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ ಫೋನು ಸದ್ದು ಮಾಡಿತು. ಹೊಸ ಬುಕಿಂಗ್, ಒಂದು ಗಂಟೆ. ಅದೇ ನೀಲಿ ಗೇಟು, ಮೊದಲನೇ ಮಹಡಿ. ಗಂಡನಿಗೆ ಫೋನ್ ಮಾಡಿ ಏನೋ ನೆಪ ಹೇಳಿ ಒತ್ತಿಸಿರಬೇಕು. ಒಪ್ಪಿಕೊಳ್ಳಲು ನಲವತ್ತು ಸೆಕೆಂಡು ಇರುತ್ತದೆ, ಅಂಕಿ ಇಳಿಯುತ್ತಾ ಬರುತ್ತದೆ. ಅದು ಸೊನ್ನೆಯಾಗುವವರೆಗೂ ನೋಡುತ್ತಾ ಕೂತಿದ್ದೆ. ಆಮೇಲೆ ಅದು ಬೇರೆ ಯಾರಿಗೋ ಹೋಯಿತು.

ಮಾರನೆ ದಿನ ಸೂಪರ್‌ವೈಸರಿಗೆ ಫೋನ್ ಮಾಡಿ ದಿನಾ ಬಸ್ಸಿನ ಓಡಾಟ ಆಗುತ್ತಿಲ್ಲ ಅಂತ ಹೇಳಿ ಹುಣಸೂರಿಗೇ ಹಾಕಿಸಿಕೊಂಡೆ. ಮತ್ತೆ ಅದೇ ಬೇರೆಬೇರೆ ಮನೆ, ಬೇರೆಬೇರೆ ಸಿಂಕು. ಆದರೆ ಮೊದಲಿನ ಹಾಗೆ ಇರಲು ಆಗಲಿಲ್ಲ. ಮುಂಚೆ ನನಗೆ ಯಾರೂ ಇಲ್ಲ ಅಂತ ಇದ್ದೆ, ಅದಕ್ಕೆ ಒಗ್ಗಿಕೊಂಡಿದ್ದೆ. ಈಗ ಒಂದು ಮನೆ ಇದೆ, ಅಲ್ಲಿಯ ರಾಗಿಹಿಟ್ಟಿನ ಡಬ್ಬಿ ಎಲ್ಲಿದೆಯೆಂದೂ ಗೊತ್ತು, ಆದರೂ ಹೋಗುವಂತಿಲ್ಲ. ಇದು ಹೆಚ್ಚು ಕಷ್ಟ. ಭಾನುವಾರ ಬಾಗಿಲು ಹಾಕಿಕೊಂಡು ಮಲಗಿದರೆ ಓನರಮ್ಮ ಬಂದು, "ಉಷಾರಿಲ್ವಾ?" ಅಂತ ಕೇಳುತ್ತಿದ್ದರು. "ಇಲ್ಲ, ಸುಮ್ನೆ" ಅನ್ನುತ್ತಿದ್ದೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹುಣಸೂರು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನನ್ನಂಥದೇ ಹಸಿರು ಟೀ ಶರ್ಟಿನ ಹೆಂಗಸೊಬ್ಬಳು ಸಿಕ್ಕಳು. ಕೆ.ಆರ್. ನಗರದವಳು, ಏನೋ ಕೆಲಸಕ್ಕೆ ಇಲ್ಲಿಗೆ ಬಂದಿದ್ದಳು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ನೆಂಟರು ಸಿಕ್ಕವರ ಹಾಗೆ ಪಕ್ಕಪಕ್ಕ ಕೂತೆವು. ಮಾತಿಗೆ ಮಾತು ಬಂದು ಅವಳು ಹೇಳಿದಳು:

"ನಮ್ಮೂರಲ್ಲಿ ಒಂದು ಮನೆ ಅದೆ ಕಣಕ್ಕ, ನೀಲಿ ಗೇಟು. ಪ್ರತಿ ಗುರುವಾರ ಬುಕ್ ಮಾಡ್ತರೆ. ಓಗಿ ನೋಡುದ್ರೆ ಪಾತ್ರೆ ಎಲ್ಲ ಆಗ್ಲೇ ತೊಳ್ದು ಬೋರಲಾಕ್ಬುಟ್ಟಿರ್ತರೆ. ಕೈ ಮುರ್ಕೊಂಡಿದ್ರಂತೆ, ಈಗ ಕಟ್ಟು ಬಿಚ್ಚಾಗದೆ. ಮಾಡಕ್ಕೆ ಕೆಲ್ಸನೇ ಇಲ್ಲ. ಬಾಗ್ಲು ತಗ್ದು ನಮ್ ಮುಖ ನೋಡ್ತರೆ, ಹುಣಸೂರಿಂದ ಯಾರೂ ಬರಲ್ವಾ ಈಗ ಅಂತ ಕೇಳ್ತರೆ. ಕೂರ್ಸಿ ಕಾಫಿ ಕೊಟ್ಟು ಕಳುಸ್ತರೆ. ಪಾಪ, ತಲೆ ಸರಿ ಇಲ್ವೇನೋ."

"ತಲೆ ಸರಿಯಾಗೇ ಅದೆ" ಅಂದೆ. ಅವಳು ನನ್ನ ಮುಖ ನೋಡಿದಳು. ಟೀ ಆರಿಹೋಗಿತ್ತು, ಹಾಗೇ ಕುಡಿದೆ.

ಅದಾದ ಭಾನುವಾರ ಫೋನಿನಲ್ಲಿ ರಜೆ ಒತ್ತಿ, ಸೀರೆ ಉಟ್ಟು, ಒಂದು ಮೊಳ ಮಲ್ಲಿಗೆ, ಅರ್ಧ ಡಜನ್ ಬಾಳೆಹಣ್ಣು ಕಟ್ಟಿಸಿಕೊಂಡು ಕೆ.ಆರ್. ನಗರದ ಬಸ್ಸು ಹತ್ತಿದೆ. ಗೇಟು ತೆಗೆದಾಗ ಕೆಳಗಿನ ಮನೆಯ ಹೆಂಗಸು ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದರು. ನನ್ನನ್ನೇ ದಿಟ್ಟಿಸಿದರು.

"ನೀವು ಅವತ್ತು ಬಂದಿದ್ರಲ್ವಾ ಕೆಲಸಕ್ಕೆ? ಇವತ್ತೇನು ಸೀರೇಲಿ?"

"ಇವತ್ತು ಕೆಲಸಕ್ಕಲ್ಲ ಬಂದಿದ್ದು" ಅಂದೆ. "ನಾನು ಮೇಲಿನ ಮನೆಯವಳ ಅಕ್ಕ. ಒಡಹುಟ್ಟಿದ ಅಕ್ಕ."

ಅವರ ಕೈ ಮೊರದಲ್ಲೇ ನಿಂತಿತು. ಏನೋ ಕೇಳಲು ಬಾಯಿ ತೆರೆದರು. ನಾನು ಕಾಯದೆ ಮೆಟ್ಟಿಲು ಹತ್ತಿದೆ. ತಂಗಿಯ ಬಾಯಿಯಿಂದ ಬರಲೆಂದು ಇಷ್ಟು ವರ್ಷ ಕಾದಿದ್ದ ಮಾತನ್ನು ನಾನೇ ಹೇಳಬಹುದಾಗಿತ್ತು ಅನ್ನುವುದು ಆ ಹತ್ತು ಮೆಟ್ಟಿಲಲ್ಲಿ ಹೊಳೆಯಿತು. ಅಷ್ಟು ಸಣ್ಣ ವಿಷಯ ನನಗೆ ನಲವತ್ತು ದಾಟಿದ ಮೇಲೆ ಹೊಳೆಯಿತಲ್ಲ ಅಂತ ನಾಚಿಕೆಯೂ ಆಯಿತು.

ಬಾಗಿಲು ತೆಗೆದದ್ದು ಅವಳ ಗಂಡ. "ಯಾರು ಬೇಕಿತ್ತಮ್ಮ?" ಅಂದರು. ಮತ್ತೆ ಹೇಳಿದೆ. ಅವರು ಗಾಬರಿಯಾಗಿ ಒಳಗೆ ತಿರುಗಿ, "ಬಾ ಇಲ್ಲಿ, ನಿಮ್ಮಕ್ಕ ಬಂದವ್ರೆ" ಅಂತ ಕೂಗಿದರು. ಅವಳು ಬಂದಳು. ಕೈಗೆ ಹಿಟ್ಟು ಮೆತ್ತಿತ್ತು. ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡಳು, ನನ್ನ ಕೈಯೂ ಹಿಟ್ಟಾಯಿತು. ಮಗಳನ್ನು ಕರೆದು, "ದೊಡ್ಡಮ್ಮ ಕಣೆ, ಕಾಲು ಮುಟ್ಟು" ಅಂದಳು. ಆ ಮಗು ಕಾಲು ಮುಟ್ಟಿ ಎದ್ದು, ಇಷ್ಟು ದಿನ ಎಲ್ಲಿದ್ದರು ಇವರು ಅನ್ನುವ ಹಾಗೆ ನೋಡಿತು.

ಇದಾಗಿ ಒಂದು ವರ್ಷದ ಮೇಲಾಯಿತು. ತಿಂಗಳಿಗೊಮ್ಮೆ, ತಪ್ಪಿದರೆ ಎರಡು ತಿಂಗಳಿಗೊಮ್ಮೆ ಹೋಗುತ್ತೇನೆ. ಅವಳು ವಾರಕ್ಕೊಂದು ಸಲ ಫೋನ್ ಮಾಡುತ್ತಾಳೆ. ಊಟ ಆಯ್ತಾ, ಕೆಮ್ಮು ಹೆಂಗದೆ, ಮಳೆ ಬಂತಾ. ಅಲ್ಲಿಗೆ ಮಾತು ನಿಲ್ಲುತ್ತದೆ. ನಡುವೆ ಹದಿನಾಲ್ಕು ವರ್ಷ ಬಿಟ್ಟುಹೋಗಿದೆ, ಅದರಲ್ಲಿ ನಡೆದದ್ದು ಒಬ್ಬರದು ಒಬ್ಬರಿಗೆ ಗೊತ್ತಿಲ್ಲ. ಹಿಂದಿನದು ಎತ್ತಿದರೆ ಅಳು, ಮುಂದಿನದು ಎತ್ತಲು ಸಲಿಗೆ ಸಾಲದು. ನಾನು ಈಗಲೂ ಅದೇ ಹಸಿರು ಟೀ ಶರ್ಟಿನಲ್ಲಿ ಹುಣಸೂರಿನ ಮನೆಗಳಿಗೆ ಹೋಗುತ್ತೇನೆ. ಬಿಟ್ಟುಬಿಡು, ನಮ್ಮ ಜೊತೆ ಬಂದಿರು ಅಂತ ಅವಳು ಒಂದು ಸಲ ಅಂದಳು. ಮತ್ತೆ ಅನ್ನಲಿಲ್ಲ, ನಾನೂ ಒಪ್ಪುತ್ತಿರಲಿಲ್ಲ.

ಹೋದಾಗ ಅವಳು ನನ್ನನ್ನು ನಡುಮನೆಯ ಸೋಫಾದ ಮೇಲೆ ಕೂರಿಸುತ್ತಾಳೆ. ಫ್ಯಾನು ಹಾಕುತ್ತಾಳೆ. ಅಡುಗೆಮನೆ ಕಡೆಗೆ ಎದ್ದರೆ, "ನೀನು ಇತ್ಲಾಗೆ ಬರಬ್ಯಾಡ ಕಣಕ್ಕ, ದಿನಾ ಮಾಡಿ ಸಾಕಾಗಿರ್ತದೆ, ಕೂತ್ಕೊ" ಅಂತ ತಡೆಯುತ್ತಾಳೆ. ತಿಂದ ತಟ್ಟೆಯನ್ನೂ ಎತ್ತಲು ಬಿಡುವುದಿಲ್ಲ. ಪ್ರೀತಿಗೇ ಮಾಡುತ್ತಾಳೆ, ತಪ್ಪು ತೀರಿಸುವ ಹಾಗೆ. ಅವಳ ಗಂಡ ಪೇಪರು ಕೊಟ್ಟು ಕೆಳಗಿಳಿಯುತ್ತಾರೆ, ಮಗು ಟ್ಯೂಷನ್ನಿಗೆ ಹೋಗುತ್ತದೆ. ನಾನು ಒಬ್ಬಳೇ ಕೂತು ಒಳಗಿನ ಸದ್ದು ಕೇಳುತ್ತಿರುತ್ತೇನೆ. ಒಗ್ಗರಣೆ ಸಿಡಿಯುತ್ತದೆ, ಮುದ್ದೆ ಕೋಲು ಪಾತ್ರೆಗೆ ತಾಗುತ್ತದೆ, ನಲ್ಲಿ ಬಿಡುತ್ತಾಳೆ. ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯಬೇಕು, ಸುಲಿಯುತ್ತಾ ಏನಾದರೂ ಹರಟಬೇಕು ಅನ್ನಿಸುತ್ತದೆ. ಪ್ರತಿ ಸಲವೂ ಕೇಳೋಣ ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ಅವಳು ತಟ್ಟೆ ಬಡಿಸಿಕೊಂಡು ಬಂದು, "ಬಿಸಿ ಅದೆ, ಉಣ್ಣು" ಅಂತ ಮುಂದಿಟ್ಟು, ಸಾರು ತರಲು ಮತ್ತೆ ಒಳಗೆ ಹೋಗುತ್ತಾಳೆ.